ಓದುಗರ ಪ್ರಶ್ನೆ, ನಮ್ಮ ಉತ್ತರ: ಕಟ್ಟಡದ ಡಿಜಿಟಲ್ ಮಾದರಿಯಲ್ಲಿ ಕೆಲಸಗಾರರ ಸುರಕ್ಷತೆ

ಕಟ್ಟಡವನ್ನು ಕಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ಮಾಹಿತಿಸಹಿತ ಮಾದರಿಯಾಗಿ ರೂಪಿಸುವ ಪದ್ಧತಿಯ ಬಗ್ಗೆ, ಅಂದರೆ ವೃತ್ತಿಯಲ್ಲಿರುವವರು 'ಬಿಮ್' ಎಂದು ಕರೆಯುವ ವಿಧಾನದ ಬಗ್ಗೆ, ಓದುಗರಿಂದ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಹೆಚ್ಚಿನವು ಒಂದು ವಿಷಯವನ್ನೇ ಕೇಳುತ್ತವೆ: ಆ ಕಟ್ಟಡವನ್ನು ಕಟ್ಟುವವರ, ಅದರೊಳಗೆ ದುಡಿಯುವವರ ಮತ್ತು ಅದನ್ನು ದುರಸ್ತಿ ಮಾಡುವವರ ಸುರಕ್ಷತೆಯ ನಿಯಮಗಳನ್ನು ಈ ಮಾದರಿಯೊಳಗೆ ತರಲು ಸಾಧ್ಯವೇ? ಆಯ್ದ ಆರು ಪತ್ರಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಕಚೇರಿ ಗೆರೆಗಳಲ್ಲಿ ನಕ್ಷೆ ಬಿಡಿಸುವ ಆಟೊಕ್ಯಾಡ್ ತಂತ್ರಾಂಶದಿಂದ ಇಂಥ ಮಾದರಿ ರೂಪಿಸುವ ರೆವಿಟ್‌ಗೆ ಬದಲಾಗಿದೆ. ಪೈಪು ಬೀಮಿಗೆ ತಾಗುತ್ತದೆಯೇ ಎಂದು ನೋಡುವುದಕ್ಕೆ, ಕಂಬಿ ಮತ್ತು ಕಾಂಕ್ರೀಟಿನ ಪ್ರಮಾಣ ತೆಗೆಯುವುದಕ್ಕೆ ಮಾದರಿಯನ್ನು ಬಳಸುತ್ತೇವೆ. ಸುರಕ್ಷತೆಯ ನಿಯಮಗಳನ್ನೂ ಅದರಲ್ಲಿ ಸೇರಿಸೋಣವೆಂದರೆ, ಅದು ಗುತ್ತಿಗೆದಾರರ ಹೊಣೆ, ವಿನ್ಯಾಸ ಮಾಡುವವರಿಗೆ ಅದರ ಸಂಬಂಧವಿಲ್ಲ ಎಂದು ಹಿರಿಯರು ಹೇಳುತ್ತಾರೆ. ಇದು ಸರಿಯೇ? (ಸ್ಟ್ರಕ್ಚರಲ್ ಎಂಜಿನಿಯರ್, ಹುಬ್ಬಳ್ಳಿ)

ಉತ್ತರ: ಸರಿಯಲ್ಲ, ಮತ್ತು ನಮ್ಮ ದೇಶದ ಕಾನೂನೇ ಅದನ್ನು ಒಪ್ಪುವುದಿಲ್ಲ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾಯ್ದೆಯ ಅಡಿಯಲ್ಲಿ 1998ರಲ್ಲಿ ಹೊರಡಿಸಿದ ಕೇಂದ್ರ ನಿಯಮಗಳು ವಾಸ್ತುಶಿಲ್ಪಿಗಳ, ಯೋಜನಾ ಎಂಜಿನಿಯರುಗಳ ಮತ್ತು ವಿನ್ಯಾಸಕಾರರ ಹೊಣೆಯನ್ನು ಪ್ರತ್ಯೇಕವಾಗಿಯೇ ಹೇಳಿದ್ದವು. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಕುರಿತ 2020ರ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿದ್ದು, ಅದರ 9ನೇ ಸೆಕ್ಷನ್ ಅದೇ ಹೊಣೆಯನ್ನು ನಿಯಮದ ಮಟ್ಟದಿಂದ ಕಾಯ್ದೆಯ ಮಟ್ಟಕ್ಕೆ ಏರಿಸಿದೆ. ಆ ಸೆಕ್ಷನ್ ಮೂರು ಮಾತು ಹೇಳುತ್ತದೆ. ಯೋಜನೆಯ ಹಂತದಲ್ಲಿಯೇ ಕೆಲಸಗಾರರ ಸುರಕ್ಷತೆ ಮತ್ತು ಆರೋಗ್ಯವನ್ನು ಪರಿಗಣಿಸಬೇಕು. ಕಟ್ಟುವಾಗ ಅಪಾಯ ತರುವಂಥ ರಚನೆ, ವಿಧಾನ ಅಥವಾ ಸಾಮಗ್ರಿಯನ್ನು ವಿನ್ಯಾಸದಲ್ಲಿ ಸೇರಿಸಬಾರದು. ಮುಂದೆ ಕಟ್ಟಡದ ನಿರ್ವಹಣೆಯಲ್ಲಿ ವಿಶೇಷ ಅಪಾಯಗಳಿರುವಲ್ಲಿ ಅವುಗಳನ್ನೂ ಗಮನದಲ್ಲಿ ಇಟ್ಟುಕೊಂಡಿರಬೇಕು. ನಿಮ್ಮ ಹಿರಿಯರಿಗೆ ಈ ಸೆಕ್ಷನ್ನಿನ ಪ್ರತಿಯನ್ನು ಓದಲು ಕೊಡಿ.

ಹೊರದೇಶಗಳಲ್ಲಿ ಇದು ಇನ್ನೂ ಹಳೆಯ ವಿಚಾರ. ಯುರೋಪಿನ ದೇಶಗಳು 1992ರ ನಿರ್ದೇಶನದ ಮೂಲಕ ವಿನ್ಯಾಸದ ಹಂತಕ್ಕೇ ಒಬ್ಬ ಸುರಕ್ಷತಾ ಸಮನ್ವಯಕಾರ ಇರಬೇಕೆಂದು ಕಡ್ಡಾಯಗೊಳಿಸಿದವು. ಬ್ರಿಟನ್ 2015ರ ನಿಯಮಗಳಲ್ಲಿ ಅದೇ ಹೊಣೆಯನ್ನು ಪ್ರಧಾನ ವಿನ್ಯಾಸಕಾರರ ಹೆಗಲಿಗೇ ಹೊರಿಸಿತು. ಹೀಗೆ ಮಾಡಲು ಕಾರಣವಿದೆ. ಅಮೆರಿಕದ ನಿರ್ಮಾಣ ಸ್ಥಳಗಳಲ್ಲಿ ಸಾವಿಗೆ ಕಾರಣವಾದ 224 ಪ್ರಕರಣಗಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಅವುಗಳಲ್ಲಿ ಶೇ 42ರಷ್ಟನ್ನು ಸುರಕ್ಷತೆಗಾಗಿ ವಿನ್ಯಾಸ ಮಾಡುವ ಪರಿಕಲ್ಪನೆಗೆ ಸಂಬಂಧಿಸಬಹುದೆಂದು ಕಂಡುಕೊಂಡಿತು. ಅಂದರೆ, ಮೇಜಿನ ಮುಂದೆ ಕುಳಿತವರು ಬೇರೆ ರೀತಿ ಯೋಚಿಸಿದ್ದರೆ ಆ ಅಪಾಯ ಸೈಟಿನವರೆಗೆ ಬರದೇ ಇರುವ ಸಾಧ್ಯತೆ ಇತ್ತು. ಟೆರೇಸಿನ ಪ್ಯಾರಾಪೆಟ್ ಗೋಡೆಯನ್ನು ಮೊಣಕಾಲೆತ್ತರಕ್ಕೆ ನಿಲ್ಲಿಸುವ ಬದಲು ಸೊಂಟದ ಮೇಲಕ್ಕೆ ಏರಿಸಲು ನೀವು ನಿರ್ಧರಿಸಿದರೆ, ಮುಂದಿನ ಐವತ್ತು ವರ್ಷ ಅಲ್ಲಿ ನೀರಿನ ಟ್ಯಾಂಕ್ ತೊಳೆಯುವವರು, ಸೋಲಾರ್ ಫಲಕ ಕೂರಿಸುವವರು ಬೆಲ್ಟಿನ ನೆನಪಿಲ್ಲದಿದ್ದರೂ ಕ್ಷೇಮವಾಗಿರುತ್ತಾರೆ. ಆ ನಿರ್ಧಾರ ಗುತ್ತಿಗೆದಾರನ ಕೈಯಲ್ಲಿಲ್ಲ. ಅದು ನಿಮ್ಮ ಪರದೆಯ ಮೇಲಿದೆ.

ಡಿಜಿಟಲ್ ಮಾದರಿ ಇಲ್ಲಿ ಏಕೆ ಮುಖ್ಯವೆಂದರೆ, ಹಳೆಯ ನಕ್ಷೆಯಲ್ಲಿ ಗೋಡೆ, ಮೆಟ್ಟಿಲು, ಬಾಗಿಲು ಎಲ್ಲವೂ ಬರಿಯ ಗೆರೆಗಳು. ಮಾದರಿಯಲ್ಲಿ ಬಾಗಿಲು ತಾನು ಬಾಗಿಲೆಂದು ದಾಖಲಾಗಿರುತ್ತದೆ, ತನ್ನ ಅಗಲ, ತೆರೆಯುವ ದಿಕ್ಕು, ಬೆಂಕಿ ಬಿದ್ದಾಗ ಹೊರಹೋಗುವ ದಾರಿ ಹೌದೋ ಅಲ್ಲವೋ ಎಂಬ ಗುಣಗಳೊಂದಿಗೆ. ಗೆರೆಯನ್ನು ನಿಯಮದೊಂದಿಗೆ ಹೋಲಿಸಲು ಮನುಷ್ಯನ ಕಣ್ಣೇ ಬೇಕು; ಗುಣವನ್ನು ಹೋಲಿಸಲು ಯಂತ್ರಕ್ಕೂ ಆಗುತ್ತದೆ, ಅದೂ ವಿನ್ಯಾಸ ಬದಲಾದಾಗಲೆಲ್ಲ ಮತ್ತೆ ಮತ್ತೆ.

ಪ್ರಶ್ನೆ: ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ವಾಸ್ತುಶಿಲ್ಪಿಗಳ ಕಚೇರಿಯಲ್ಲಿದ್ದೇನೆ. ಇಲ್ಲಿ ಕೆಲಸದ ಸ್ಥಳಗಳ ತಾಂತ್ರಿಕ ನಿಯಮಗಳು ಬಹಳ ವಿವರವಾಗಿವೆ. ಅವುಗಳನ್ನು ಮಾದರಿಯಲ್ಲಿ ತಾನಾಗಿಯೇ ಪರಿಶೀಲಿಸುವಂತೆ ಬರೆಯಬೇಕೆಂಬ ಚರ್ಚೆ ನಡೆಯುತ್ತಿದೆ. ವಾಕ್ಯಗಳಲ್ಲಿರುವ ಕಾನೂನು ಯಂತ್ರಕ್ಕೆ ಅರ್ಥವಾಗುವಂತೆ ಆಗುವುದು ಹೇಗೆ? ಕರ್ನಾಟಕದಲ್ಲಿಯೂ ಇದು ಆದೀತೇ? (ವಾಸ್ತುಶಿಲ್ಪಿ, ಸ್ಟುಟ್‌ಗಾರ್ಟ್)

ಉತ್ತರ: ನೀವಿರುವ ದೇಶದ ನಿಯಮಗಳಿಂದಲೇ ಉದಾಹರಣೆ ತೆಗೆದುಕೊಳ್ಳೋಣ, ಏಕೆಂದರೆ ಈ ಕೆಲಸದ ಸುಲಭವೂ ಕಷ್ಟವೂ ಅಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಕೋಣೆಗಳ ಅಳತೆಯ ಕುರಿತ ಜರ್ಮನ್ ನಿಯಮವು ಕೆಲಸದ ಕೋಣೆಯಲ್ಲಿ ಮೊದಲನೆಯ ಒಬ್ಬರಿಗೆ ಕನಿಷ್ಠ 8 ಚದರ ಮೀಟರ್, ಆಮೇಲಿನ ಪ್ರತಿಯೊಬ್ಬರಿಗೆ 6 ಚದರ ಮೀಟರ್ ನೆಲ ಬೇಕೆನ್ನುತ್ತದೆ. 50 ಚದರ ಮೀಟರ್‌ವರೆಗಿನ ಕೋಣೆಗೆ 2.50 ಮೀಟರ್ ಎತ್ತರ ಸಾಕು, ಅದಕ್ಕಿಂತ ದೊಡ್ಡದಾದರೆ 2.75, 100 ಚದರ ಮೀಟರ್ ದಾಟಿದರೆ 3 ಮೀಟರ್ ಬೇಕು. ಇಂಥ ನಿಯಮವನ್ನು ಪರಿಶೀಲಿಸಲು ಮಾದರಿಯಲ್ಲಿ ಕೋಣೆಯ ವಿಸ್ತೀರ್ಣ, ಎತ್ತರ ಮತ್ತು ಅಲ್ಲಿ ಎಷ್ಟು ಜನ ಕುಳಿತುಕೊಳ್ಳುತ್ತಾರೆ ಎಂಬ ಸಂಖ್ಯೆ ಇದ್ದರೆ ಸಾಕು. ಮೊದಲ ಎರಡನ್ನು ತಂತ್ರಾಂಶ ತಾನೇ ಲೆಕ್ಕ ಹಾಕುತ್ತದೆ. ಮೂರನೆಯದನ್ನು ಯಾರಾದರೂ ತುಂಬಬೇಕು; ಹೆಚ್ಚಿನ ಮಾದರಿಗಳಲ್ಲಿ ಆ ಖಾನೆ ಖಾಲಿಯಾಗಿಯೇ ಇರುತ್ತದೆ ಎಂಬುದು ನನ್ನ ಅನುಭವ.

ಪಾರಾಗುವ ದಾರಿಯ ವಿಷಯಕ್ಕೆ ಬಂದರೆ ಕಷ್ಟ ಹೆಚ್ಚುತ್ತದೆ. ಸಾಮಾನ್ಯ ಕೋಣೆಗಳಿಗೆ ಅದರ ಉದ್ದದ ಮಿತಿ 35 ಮೀಟರ್. ಆದರೆ ಆ 35 ಮೀಟರನ್ನು ನೇರ ಗೆರೆಯಲ್ಲಿ ಅಳೆಯಬೇಕು, ಮತ್ತು ಜನ ನಿಜವಾಗಿ ನಡೆದು ಹೋಗುವ ದಾರಿ ಅದರ ಒಂದೂವರೆ ಪಟ್ಟನ್ನು ಮೀರಬಾರದು. ಹಾಗಾಗಿ ಯಂತ್ರವು ಎರಡು ದಾರಿಗಳನ್ನು ಕಂಡುಹಿಡಿಯಬೇಕಾಗುತ್ತದೆ. ಎರಡನೆಯದಕ್ಕೆ ಯಂತ್ರೋಪಕರಣಗಳು, ಕಪಾಟುಗಳು, ಗೋದಾಮಿನ ರ‍್ಯಾಕುಗಳು ಎಲ್ಲಿವೆ ಎಂಬುದೂ ಮಾದರಿಯಲ್ಲಿರಬೇಕು. ಖಾಲಿ ಹಾಲ್‌ನಲ್ಲಿ ಸರಿಯಾಗಿದ್ದ ದಾರಿ, ರ‍್ಯಾಕು ಬಂದು ಕೂತ ಮೇಲೆ ತಪ್ಪಾಗಬಹುದು.

ಇನ್ನೊಂದು ತೊಡಕು, ಒಂದೇ ವಸ್ತುವಿಗೆ ಎರಡು ಕಾನೂನುಗಳು ಇರುವುದು. ಜರ್ಮನಿಯ ರಾಜ್ಯಗಳಿಗೆ ಮಾದರಿಯಾಗಿರುವ ಕಟ್ಟಡ ಸಂಹಿತೆಯ ಪ್ರಕಾರ 12 ಮೀಟರ್‌ವರೆಗಿನ ಬೀಳುವ ಎತ್ತರಕ್ಕೆ 90 ಸೆಂಟಿಮೀಟರ್ ರೇಲಿಂಗ್ ಸಾಕು. ಕೆಲಸದ ಸ್ಥಳದ ನಿಯಮದ ಪ್ರಕಾರ ಒಂದು ಮೀಟರ್ ಬೇಕು. ಕಟ್ಟಡಕ್ಕೆ ಅನುಮತಿ ಸಿಕ್ಕಿತು, ಆದರೆ ಅಲ್ಲಿ ಕಚೇರಿ ಶುರುವಾದ ದಿನದಿಂದ ರೇಲಿಂಗ್ 10 ಸೆಂಟಿಮೀಟರ್ ಕಡಿಮೆಯಾಯಿತು ಎಂಬ ಪರಿಸ್ಥಿತಿ ಇದರಿಂದ ಹುಟ್ಟುತ್ತದೆ. ಆ ಜಾಗವನ್ನು ಯಾರು ಯಾವ ಉದ್ದೇಶಕ್ಕೆ ಬಳಸುತ್ತಾರೆ ಎಂಬುದು ಮಾದರಿಗೆ ಗೊತ್ತಿದ್ದರೆ ಮಾತ್ರ ಯಂತ್ರ ಸರಿಯಾದ ನಿಯಮವನ್ನು ಆರಿಸೀತು. ನನ್ನ ಅಭಿಪ್ರಾಯದಲ್ಲಿ, ಈ ಇಡೀ ಪ್ರಯತ್ನದ ಅತಿ ದೊಡ್ಡ ಲಾಭ ಇಂಥ ವಿರೋಧಗಳು ಸ್ಟೀಲು ಕತ್ತರಿಸುವ ಮೊದಲೇ ಬೆಳಕಿಗೆ ಬರುವುದರಲ್ಲಿದೆ. 'ಸಾಕಷ್ಟು', 'ಸೂಕ್ತ', 'ಅಪಾಯಕ್ಕೆ ಅನುಗುಣವಾಗಿ' ಎಂಬ ಪದಗಳಿರುವ ನಿಯಮಗಳನ್ನು ಮಾತ್ರ ಯಂತ್ರಕ್ಕೆ ಬಿಡಬಾರದು. ಅಲ್ಲಿ ತಂತ್ರಾಂಶವು ತೀರ್ಪು ಕೊಡುವ ಬದಲು, ಇದನ್ನು ಬಲ್ಲವರು ನೋಡಬೇಕು ಎಂದು ಗುರುತು ಹಾಕಿ ನಿಲ್ಲಬೇಕು.

ಕರ್ನಾಟಕದಲ್ಲಿ ಆಗದಿರಲು ಕಾರಣವಿಲ್ಲ. 2025ರ ನವೆಂಬರ್ ತನಕ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 16ನೇ ಸೆಕ್ಷನ್ನಿನ ಲೆಕ್ಕವನ್ನೇ ನೋಡಿ: ಪ್ರತಿ ಕೆಲಸಗಾರನಿಗೆ 14.2 ಘನ ಮೀಟರ್ ಜಾಗ, ಆದರೆ ನೆಲದಿಂದ 4.2 ಮೀಟರಿಗಿಂತ ಮೇಲಿರುವ ಜಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. 20 ಮೀಟರ್ ಉದ್ದ, 15 ಮೀಟರ್ ಅಗಲ, 6 ಮೀಟರ್ ಎತ್ತರದ ಶೆಡ್ಡಿನ ಗಾತ್ರ ಎಷ್ಟೆಂದು ತಂತ್ರಾಂಶವನ್ನು ಕೇಳಿದರೆ 1,800 ಘನ ಮೀಟರ್ ಎನ್ನುತ್ತದೆ. ಅದನ್ನೇ ಭಾಗಿಸಿದರೆ 126 ಜನ ದುಡಿಯಬಹುದು ಎಂಬ ಉತ್ತರ ಬರುತ್ತದೆ. ಕಾಯ್ದೆಯ ಲೆಕ್ಕದಲ್ಲಿ ಎಣಿಕೆಗೆ ಬರುವುದು 1,260 ಘನ ಮೀಟರ್, ಹಾಗಾಗಿ 88 ಜನ. ನಿಯಮದ ಅರ್ಧ ವಾಕ್ಯವನ್ನು ಬಿಟ್ಟು ಬರೆದ ಪರಿಶೀಲನೆಯು 38 ಜನರನ್ನು ಹೆಚ್ಚಾಗಿ ಆ ಶೆಡ್ಡಿನೊಳಗೆ ತುರುಕುತ್ತದೆ. ಆದ್ದರಿಂದ ನಿಯಮವನ್ನು ಕಂಪ್ಯೂಟರಿಗೆ ಬರೆಯುವ ಮೇಜಿನಲ್ಲಿ ಪ್ರೋಗ್ರಾಮರ್ ಒಬ್ಬರೇ ಕೂರಬಾರದು. ಕಾರ್ಖಾನೆಗಳ ನಕ್ಷೆಗಳನ್ನು ವರ್ಷಗಟ್ಟಲೆ ಪರಿಶೀಲಿಸಿದ ಅಧಿಕಾರಿಯೊಬ್ಬರು ಪಕ್ಕದಲ್ಲಿರಬೇಕು. ಹಳೆಯ ಕಾಯ್ದೆಗಳ ಜಾಗಕ್ಕೆ ಹೊಸ ಸಂಹಿತೆ ಬಂದಿರುವ ಈ ಹೊತ್ತಿನಲ್ಲಂತೂ ಪ್ರತಿ ನಿಯಮದೊಂದಿಗೆ ಅದರ ಮೂಲ ಮತ್ತು ಜಾರಿಯ ದಿನಾಂಕವನ್ನು ದಾಖಲಿಸದೆ ಯಾವ ಪರಿಶೀಲನಾ ಸಂಗ್ರಹವನ್ನೂ ಬಳಕೆಗೆ ಬಿಡಬಾರದು.

ಪ್ರಶ್ನೆ: ನಾನು ಬೆಂಗಳೂರಿನ ಬಹುಮಹಡಿ ಕಟ್ಟಡವೊಂದರ ಸೈಟ್ ಎಂಜಿನಿಯರ್. ವಿನ್ಯಾಸ ತಂಡದಿಂದ ಬರುವ ಮಾದರಿಯಲ್ಲಿ ಎಲ್ಲ ಅಂಚುಗಳಿಗೂ ರೇಲಿಂಗ್ ಇದೆ, ಎಲ್ಲ ಡಕ್ಟ್‌ಗಳೂ ಮುಚ್ಚಿವೆ. ಆದರೆ ಸೈಟಿನಲ್ಲಿ ವಾರಕ್ಕೊಂದು ಹೊಸ ತೆರಪು ಹುಟ್ಟಿಕೊಳ್ಳುತ್ತದೆ. ಈ ಮಾದರಿಯಿಂದ ನನಗೇನು ಉಪಯೋಗ? (ಸೈಟ್ ಎಂಜಿನಿಯರ್, ಬೆಂಗಳೂರು)

ಉತ್ತರ: ಈ ಪತ್ರವು ವಿಷಯದ ಮರ್ಮವನ್ನೇ ಮುಟ್ಟಿದೆ. ಮಾದರಿ ತೋರಿಸುವುದು ಮುಗಿದ ಕಟ್ಟಡವನ್ನು. ಜನ ಬೀಳುವುದು ಮುಗಿಯದ ಕಟ್ಟಡದಿಂದ. ಮೋಲ್ಡ್ ಹಾಕಿ ಸೆಂಟ್ರಿಂಗ್ ಬಿಚ್ಚಿದ ದಿನದಿಂದ ಗೋಡೆ ಏಳುವ ದಿನದವರೆಗೆ ಸ್ಲ್ಯಾಬಿನ ನಾಲ್ಕೂ ಅಂಚು ಬಯಲು. ಲಿಫ್ಟ್ ಬರುವ ತನಕ ಅದರ ಗುಂಡಿ ಬಾಯ್ತೆರೆದೇ ಇರುತ್ತದೆ. ಮೆಟ್ಟಿಲಿನ ರೇಲಿಂಗನ್ನು ಗ್ರಾನೈಟ್ ಕೆಲಸ ಮುಗಿದ ಮೇಲೆಯೇ ಕೂರಿಸುವುದರಿಂದ ಆ ತನಕ ನೂರಾರು ಜನ ರೇಲಿಂಗ್ ಇಲ್ಲದ ಮೆಟ್ಟಿಲನ್ನೇ ಹತ್ತಿ ಇಳಿಯುತ್ತಾರೆ.

ಆದ್ದರಿಂದ ಮಾದರಿಗೆ ಕಾಲವನ್ನು ಜೋಡಿಸಬೇಕು. ಪ್ರತಿ ಸ್ಲ್ಯಾಬು, ಗೋಡೆ, ರೇಲಿಂಗ್ ಯಾವ ದಿನ ಬರುತ್ತದೆ ಎಂಬ ವೇಳಾಪಟ್ಟಿಯನ್ನು ಆಯಾ ವಸ್ತುವಿಗೆ ಸೇರಿಸುವುದನ್ನು ವೃತ್ತಿಯಲ್ಲಿ ನಾಲ್ಕು ಆಯಾಮದ ಮಾದರಿ ಎನ್ನುತ್ತಾರೆ; ನವಿಸ್‌ವರ್ಕ್ಸ್, ಸಿಂಕ್ರೊ ಮುಂತಾದ ತಂತ್ರಾಂಶಗಳಲ್ಲಿ ಈ ಸೌಲಭ್ಯವಿದೆ. ಆಗ ಯಾವುದೇ ದಿನಾಂಕವನ್ನು ಆರಿಸಿ, ಅಂದು ಯಾವ ಅಂಚಿನ ಪಕ್ಕದಲ್ಲಿ ಗೋಡೆ ಇರುವುದಿಲ್ಲ ಎಂದು ಕೇಳಬಹುದು. ಅಮೆರಿಕದ ಜಾರ್ಜಿಯಾ ಟೆಕ್ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಇದನ್ನೇ ಮಾಡಿದರು. ಅವರ ಪ್ರೋಗ್ರಾಮ್ ಸ್ಲ್ಯಾಬಿನ ಅಂಚುಗಳನ್ನೂ ತೆರಪುಗಳನ್ನೂ ತಾನಾಗಿ ಹುಡುಕಿ, ಅಮೆರಿಕದ ಸುರಕ್ಷತಾ ನಿಯಮಗಳನ್ನು ಅನ್ವಯಿಸಿ, ಎಲ್ಲಿ ರೇಲಿಂಗ್ ಬೇಕು, ಎಲ್ಲಿ ಮುಚ್ಚಳ ಸಾಕು ಎಂದು ಮಾದರಿಯಲ್ಲಿಯೇ ಕೂರಿಸಿ ತೋರಿಸಿತು. ಆ ದೇಶದ ನಿರ್ಮಾಣ ನಿಯಮದಲ್ಲಿ ಆರು ಅಡಿ, ಅಂದರೆ ಸುಮಾರು 1.8 ಮೀಟರ್ ಎತ್ತರದಿಂದ ಬೀಳುವ ಸಾಧ್ಯತೆ ಇದ್ದರೆ ರಕ್ಷಣೆ ಕಡ್ಡಾಯ. ರೇಲಿಂಗಿನ ಮೇಲಿನ ಪಟ್ಟಿ 42 ಇಂಚಿನ ಆಸುಪಾಸಿನಲ್ಲಿದ್ದು 200 ಪೌಂಡ್ ತಳ್ಳಿಕೆಯನ್ನು ತಾಳಬೇಕು. ಫಿನ್ಲೆಂಡಿನ ವಿಟಿಟಿ ಸಂಶೋಧನಾ ಸಂಸ್ಥೆಯೂ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ತಾತ್ಕಾಲಿಕ ರೇಲಿಂಗುಗಳನ್ನು ಮಾದರಿಯಲ್ಲಿ ಯೋಜಿಸುವುದನ್ನು ಪ್ರಯೋಗಿಸಿತ್ತು. ನಮ್ಮಲ್ಲಿ ನೆಲ ಮತ್ತು ಗೋಡೆಯ ತೆರಪು, ರೇಲಿಂಗ್, ಅಂಚಿನ ತಡೆಪಟ್ಟಿಗಳಿಗೆಂದೇ ಐಎಸ್ 4912 ಎಂಬ ಭಾರತೀಯ ಮಾನದಂಡ 1978ರಿಂದ ಇದೆ, ಸಾರ್ವೆಗಳಿಗೆ ಐಎಸ್ 3696, ಅಗೆತಕ್ಕೆ ಐಎಸ್ 3764 ಇವೆ. ಇವುಗಳನ್ನು ಮಾದರಿಗೆ ತರಲು ಬೇಕಾದ ತಂತ್ರಜ್ಞಾನ ಹತ್ತು ವರ್ಷ ಹಳೆಯದಾಗಿದೆ, ತರುವವರು ಬೇಕಾಗಿದ್ದಾರೆ.

ಇದರಿಂದ ನಿಮಗಾಗುವ ನೇರ ಉಪಯೋಗ ಖರೀದಿಯಲ್ಲಿದೆ. ಮುಂದಿನ ತಿಂಗಳು ಒಟ್ಟು ಎಷ್ಟು ಮೀಟರ್ ತಾತ್ಕಾಲಿಕ ರೇಲಿಂಗ್, ಎಷ್ಟು ಮುಚ್ಚಳ, ಎಷ್ಟು ಬಲೆ ಬೇಕು ಎಂಬ ಲೆಕ್ಕ ಕಾಂಕ್ರೀಟಿನ ಲೆಕ್ಕದಷ್ಟೇ ನಿಖರವಾಗಿ ಬಂದರೆ, ಅದು ಬಿಲ್ಲಿನಲ್ಲಿ ಒಂದು ಸಾಲಾಗುತ್ತದೆ. ಬಿಲ್ಲಿನಲ್ಲಿ ಸಾಲಿಲ್ಲದ ವಸ್ತು ಸೈಟಿಗೆ ಬರುವುದಿಲ್ಲ, ಬಂದರೂ ತಡವಾಗಿ ಬರುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸ್ಲ್ಯಾಬಿನಲ್ಲಿ ಮೋಲ್ಡ್ ಹಾಕುವಾಗಲೇ ರೇಲಿಂಗ್ ಕಂಬಕ್ಕೆ ತೂತು ಅಥವಾ ಕೊಳವೆ ಬಿಡಬೇಕೆಂಬುದನ್ನೂ ವಿನ್ಯಾಸಕಾರರಿಂದ ಮಾದರಿಯಲ್ಲಿಯೇ ಗುರುತು ಮಾಡಿಸಿಕೊಳ್ಳಿ; ಆಮೇಲೆ ಡ್ರಿಲ್ ಹೊಡೆಯುವ ಕೆಲಸವನ್ನು ಯಾರೂ ಮಾಡುವುದಿಲ್ಲ.

ತಾತ್ಕಾಲಿಕ ರಚನೆಗಳ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ನಿರ್ಮಾಣದಲ್ಲಿದ್ದ ಮೆಟ್ರೊ ಕಂಬದ ಕಬ್ಬಿಣದ ಹಂದರ ರಸ್ತೆಗೆ ಉರುಳಿ, ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ತಾಯಿ ಮತ್ತು ಎಳೆಯ ಮಗು ಪ್ರಾಣ ಕಳೆದುಕೊಂಡರು. ಕಂಬದ ಕಂಬಿಯ ವಿವರ ಮಾದರಿಯಲ್ಲಿ ಸಣ್ಣ ರಿಂಗಿನ ಮಟ್ಟದವರೆಗೂ ಇರಬಹುದು, ಕಾಂಕ್ರೀಟು ತುಂಬುವವರೆಗೆ ಆ ಹಂದರವನ್ನು ನಿಲ್ಲಿಸಿಟ್ಟಿರುವ ಆಧಾರ ಮತ್ತು ಎಳೆಗಟ್ಟುಗಳು (ಎಳೆದು ಬಿಗಿದ ಹಗ್ಗ, ತಂತಿಗಳು) ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಶಟರಿಂಗ್, ಆಧಾರದ ಪ್ರಾಪುಗಳು, ಸಾರ್ವೆ, ಕ್ರೇನ್ ನಿಲ್ಲುವ ಜಾಗ, ಎತ್ತರದ ಹಂದರಗಳ ಎಳೆಗಟ್ಟು ಇವೆಲ್ಲ ವಿನ್ಯಾಸಗೊಂಡು, ಸಹಿಯಾಗಿ, ಮಾದರಿಯಲ್ಲಿ ದಿನಾಂಕಸಹಿತ ಕಾಣಿಸಿಕೊಳ್ಳುವಂತೆ ಗುತ್ತಿಗೆಯ ಷರತ್ತಿನಲ್ಲಿಯೇ ಬರೆಸಬೇಕು. ಯಾವ ಹಣ ಉಳಿಸಿದರೂ ಇಲ್ಲಿ ಉಳಿಸಬಾರದು.

ಪ್ರಶ್ನೆ: ನಮ್ಮ ಕಾರ್ಖಾನೆಯ ಶೆಡ್ಡಿಗೆ ಸಿಮೆಂಟ್ ಶೀಟಿನ ಮಾಡು, ನಡುನಡುವೆ ಬೆಳಕಿನ ಶೀಟುಗಳಿವೆ. ಪ್ರತಿ ಮಳೆಗಾಲಕ್ಕೆ ಮುಂಚೆ ಹುಡುಗರು ಮೇಲೆ ಹತ್ತಿ ಗಟಾರ ಶುಚಿ ಮಾಡುತ್ತಾರೆ. ಈಗ ವಿಸ್ತರಣೆಗಾಗಿ ಹಳೆಯ ಶೆಡ್ಡನ್ನೂ ಸೇರಿಸಿ ಡಿಜಿಟಲ್ ಮಾದರಿ ಮಾಡಿಸುತ್ತಿದ್ದಾರೆ. ಇದನ್ನು ಅದರಲ್ಲಿ ಹೇಳಿಸಬಹುದೇ? (ನಿರ್ವಹಣಾ ಮೇಲ್ವಿಚಾರಕರು, ಪೀಣ್ಯ, ಬೆಂಗಳೂರು)

ಉತ್ತರ: ಖಂಡಿತ ಹೇಳಿಸಬೇಕು, ಮತ್ತು ಮಾದರಿ ತಯಾರಾಗುವ ಮೊದಲೇ ಹೇಳಿಸಬೇಕು. ಸಿಮೆಂಟ್ ಶೀಟು ಮನುಷ್ಯನ ಭಾರ ತಡೆಯುತ್ತದೆ ಎಂದು ನಂಬುವಂತಿಲ್ಲ. ಬೆಳಕಿನ ಶೀಟಂತೂ ಧೂಳು ಹಿಡಿದು ಕೆಲವೇ ವರ್ಷಗಳಲ್ಲಿ ಪಕ್ಕದ ಶೀಟಿನಂತೆಯೇ ಕಾಣತೊಡಗುತ್ತದೆ, ಕಾಲಿಟ್ಟವರಿಗೆ ಗೊತ್ತಾಗುವುದಿಲ್ಲ. ಹಳೆಯ ಕಟ್ಟಡಗಳ ಮಾದರಿಯನ್ನು ಸಾಮಾನ್ಯವಾಗಿ ಲೇಸರ್ ಸ್ಕ್ಯಾನ್ ಮಾಡಿ ರೂಪಿಸುತ್ತಾರೆ. ಸ್ಕ್ಯಾನರಿಗೆ ಶೀಟಿನ ಆಕಾರ ತಿಳಿಯುತ್ತದೆ, ಗಟ್ಟಿತನ ತಿಳಿಯುವುದಿಲ್ಲ. ಆ ಮಾಹಿತಿ ನಿಮ್ಮಲ್ಲಿದೆ. ಪ್ರತಿ ಶೀಟಿಗೆ 'ಕಾಲಿಡಬಾರದು' ಎಂಬ ಗುಣವನ್ನು ಸೇರಿಸಿ, ಬೆಳಕಿನ ಶೀಟುಗಳನ್ನು ಪ್ರತ್ಯೇಕ ಬಣ್ಣದಲ್ಲಿ ತೋರಿಸಲು ಹೇಳಿ.

ಅದಕ್ಕಿಂತ ಮುಂದಿನ ಹೆಜ್ಜೆ, ಮೇಲೆ ಹತ್ತುವ ಅಗತ್ಯವನ್ನೇ ಕಡಿಮೆ ಮಾಡುವುದು. ವಿಸ್ತರಣೆಯ ವಿನ್ಯಾಸ ಇನ್ನೂ ನಡೆಯುತ್ತಿರುವುದರಿಂದ, ಎರಡು ಶೆಡ್ಡುಗಳ ನಡುವಿನ ಕಣಿವೆ ಗಟಾರವನ್ನು ಬಿಟ್ಟು ನೀರು ಹೊರ ಅಂಚಿಗೆ ಹರಿಯುವಂತೆ ಮಾಡಲಾದೀತೇ ಎಂದು ಕೇಳಿ. ಹಾಗಾದರೆ ನೆಲದಲ್ಲಿ ನಿಲ್ಲಿಸಿದ ವೇದಿಕೆಯಿಂದಲೇ ಶುಚಿ ಮಾಡಬಹುದು. ಆಗದಿದ್ದರೆ ಗಟಾರದ ಉದ್ದಕ್ಕೂ ಎರಡು ಬದಿ ರೇಲಿಂಗ್ ಇರುವ ಕಾಲುಹಾದಿ, ಬೆಳಕಿನ ಶೀಟುಗಳ ಕೆಳಗೆ ಉಕ್ಕಿನ ಜಾಲರಿ. ಬೆಲ್ಟ್ ಸಿಕ್ಕಿಸುವ ಕೊಂಡಿಗಳು ಕೊನೆಯ ಆಯ್ಕೆ, ಏಕೆಂದರೆ ಅವು ಪ್ರತಿ ಸಲವೂ ಪ್ರತಿಯೊಬ್ಬರ ನೆನಪನ್ನು ಅವಲಂಬಿಸುತ್ತವೆ. ಸಂಪು ಮತ್ತು ಕೊಳಚೆ ಸಂಸ್ಕರಣಾ ತೊಟ್ಟಿಗಳನ್ನೂ ಮರೆಯಬೇಡಿ: ಒಳಗೆ ವಿಷಾನಿಲ ತುಂಬುವ ಅಪಾಯವಿದೆ, ಮನುಷ್ಯರನ್ನು ಇಳಿಸುವಂತಿಲ್ಲ ಎಂಬ ಗುಣ ಅವುಗಳ ಮೇಲಿರಬೇಕು, ಪಂಪನ್ನು ಹೊರಗಿನಿಂದಲೇ ಎತ್ತುವ ಏರ್ಪಾಡು ನಕ್ಷೆಯಲ್ಲಿರಬೇಕು.

ಇಂಥ ಮಾಹಿತಿಯನ್ನು ಹೇಗೆ ಕ್ರಮಬದ್ಧವಾಗಿ ದಾಖಲಿಸಿ ಹಸ್ತಾಂತರಿಸಬೇಕೆಂದು ಬ್ರಿಟನ್ 2018ರಲ್ಲಿ ಒಂದು ನಿರ್ದಿಷ್ಟ ಮಾರ್ಗಸೂಚಿಯನ್ನೇ ತಂದಿತು, ಈಗ ಬಿಮ್ ಮಾಹಿತಿಯ ನಿರ್ವಹಣೆಗಾಗಿರುವ ಐಎಸ್‌ಒ 19650 ಎಂಬ ಅಂತರರಾಷ್ಟ್ರೀಯ ಮಾನದಂಡ ಸರಣಿಯ ಆರನೆಯ ಭಾಗವೂ ಅದೇ ವಿಷಯದ್ದು. ನಿಮ್ಮ ಮಟ್ಟಿಗೆ ಮುಖ್ಯವಾದುದು ಇಷ್ಟು: ಕೆಲಸ ಮುಗಿದಾಗ ಮಾದರಿಯ ಪ್ರತಿ ಮಾಲೀಕರ ಕಪಾಟಿಗೆ ಮಾತ್ರ ಹೋಗದೆ ನಿರ್ವಹಣಾ ವಿಭಾಗಕ್ಕೂ ಬರಬೇಕು.

ಪ್ರಶ್ನೆ: ನಾವು ಮೂರು ಜನರ ಸಣ್ಣ ಕಚೇರಿ. ಪರಿಶೀಲನೆಯ ತಂತ್ರಾಂಶಗಳ ಬೆಲೆ ಕೇಳಿದರೆ ಧೈರ್ಯ ಬರುವುದಿಲ್ಲ. ದಾರಿ ಇದೆಯೇ? (ಸಿವಿಲ್ ಎಂಜಿನಿಯರ್, ಮೈಸೂರು)

ಉತ್ತರ: ಇದೆ. ಯಾವ ಕಂಪನಿಯ ತಂತ್ರಾಂಶಕ್ಕೂ ಕಟ್ಟುಬೀಳದ ಐಎಫ್‌ಸಿ ಎಂಬ ಮುಕ್ತ ಕಡತ ರೂಪವಿದೆ; ಅದನ್ನು ಬಿಲ್ಡಿಂಗ್‌ಸ್ಮಾರ್ಟ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಪೋಷಿಸುತ್ತದೆ, ಐಎಸ್‌ಒ 16739 ಎಂಬ ಮಾನದಂಡವಾಗಿಯೂ ಮಾನ್ಯವಾಗಿದೆ. ಯಾವ ವಸ್ತುವಿಗೆ ಯಾವ ಗುಣ ಇರಲೇಬೇಕು ಎಂಬ ಬೇಡಿಕೆಯನ್ನು ಯಂತ್ರ ಓದುವಂತೆ ಬರೆಯಲು ಅದೇ ಸಂಸ್ಥೆ ಐಡಿಎಸ್ ಎಂಬ ಮಾನದಂಡದ ಮೊದಲ ಪೂರ್ಣ ಆವೃತ್ತಿಯನ್ನು 2024ರಲ್ಲಿ ಅಂಗೀಕರಿಸಿತು. ಬ್ಲೆಂಡರ್ ಎಂಬ ಮೂರು ಆಯಾಮದ ಚಿತ್ರಣ ತಂತ್ರಾಂಶದ ಮೇಲೆ ನಡೆಯುವ ಬಾನ್ಸಾಯ್ ಮತ್ತು ಐಎಫ್‌ಸಿ ಓಪನ್‌ಶೆಲ್ ಎಂಬ ಉಚಿತ, ಮುಕ್ತ ತಂತ್ರಾಂಶಗಳು ಇವೆರಡನ್ನೂ ಓದುತ್ತವೆ. ಪ್ರತಿ ಕೋಣೆಗೆ ಜನಸಂಖ್ಯೆ ತುಂಬಿದೆಯೇ, ಪ್ರತಿ ಹೊರಬಾಗಿಲಿಗೆ ಪಾರಾಗುವ ಬಾಗಿಲು ಹೌದೋ ಅಲ್ಲವೋ ಎಂಬ ಉತ್ತರವಿದೆಯೇ ಎಂಬುದರಿಂದ ಆರಂಭಿಸಿ. ಐಡಿಎಸ್ ಗುಣಗಳನ್ನು ಪರಿಶೀಲಿಸುತ್ತದೆ, ದೂರ ಅಳೆಯುವುದಿಲ್ಲ. ಅಳತೆಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲ ಒಬ್ಬರ ನೆರವು ಬೇಕಾಗುತ್ತದೆ. ಸಾಮಾನ್ಯ ಕಂಪ್ಯೂಟರ್ ಸಾಕು.

ಪ್ರಶ್ನೆ: ನಾನು ಮೂವತ್ತು ವರ್ಷದಿಂದ ಮೇಸ್ತ್ರಿ ಕೆಲಸದಲ್ಲಿದ್ದೇನೆ. ನನ್ನ ಮಗಳು ನಿಮ್ಮ ಪತ್ರಿಕೆಯನ್ನು ಓದಿ ಹೇಳುತ್ತಾಳೆ. ಕಂಪ್ಯೂಟರು ಎಲ್ಲ ಸರಿಯಿದೆ ಎಂದು ಹಸಿರು ತೋರಿಸಿತು ಅಂತ ಎಂಜಿನಿಯರು ಹೇಳಿದರೆ ನಾವು ನಂಬಿ ಹತ್ತಬೇಕೇ? ಆ ಮಾದರಿಯಲ್ಲಿ ಬರೆದಿರುವುದು ಇಂಗ್ಲಿಷು. ನಮ್ಮವರಿಗೆ ಅದು ಹೇಗೆ ತಿಳಿಯಬೇಕು? (ಗಾರೆ ಮೇಸ್ತ್ರಿ, ದಾವಣಗೆರೆ)

ಉತ್ತರ: ಮೇಸ್ತ್ರಿಗಳೇ, ಹಸಿರು ಗುರುತು ಕಂಡ ಮಾತ್ರಕ್ಕೆ ನಂಬಬೇಕಾಗಿಲ್ಲ. ಅದರ ಅರ್ಥ, ಬರೆದಿಟ್ಟ ಇಷ್ಟು ನಿಯಮಗಳಿಗೆ ತುಂಬಿಸಿದ ಇಷ್ಟು ಮಾಹಿತಿ ಹೊಂದಿಕೊಂಡಿತು ಎಂದು ಮಾತ್ರ. ನೀವು ನಿಂತಿರುವ ಹಲಗೆ ಕೊಳೆತಿದೆಯೇ, ನಿನ್ನೆ ರಾತ್ರಿಯ ಮಳೆಗೆ ಪಾಯದ ಮಣ್ಣು ಸಡಿಲವಾಗಿದೆಯೇ ಎಂಬುದು ಆ ಲೆಕ್ಕದಲ್ಲಿ ಇಲ್ಲ. ಅನುಮಾನ ಬಂದರೆ ಅದನ್ನು ಹೇಳುವುದು ನಿಮ್ಮ ಹಕ್ಕು. ಹೊಸ ಸಂಹಿತೆಯೂ ಅಪಾಯವನ್ನು ಕಂಡ ಕೆಲಸಗಾರ ಅದನ್ನು ತಿಳಿಸುವುದನ್ನು ನಿರೀಕ್ಷಿಸುತ್ತದೆ.

ಎಂಜಿನಿಯರುಗಳಿಗೆ ನಾನು ಹೇಳುವ ಮಾತನ್ನು ನಿಮ್ಮ ಪತ್ರದ ನೆಪದಲ್ಲಿ ಇಲ್ಲಿಯೇ ಹೇಳಿಬಿಡುತ್ತೇನೆ. ಪರಿಶೀಲನೆಯ ವರದಿಯ ಮೊದಲ ಪುಟದಲ್ಲಿ ಪಾಸಾದ ನಿಯಮಗಳ ಸಂಖ್ಯೆಯನ್ನು ಹಾಕುವ ಬದಲು, ಯಂತ್ರ ಪರಿಶೀಲಿಸದ ನಿಯಮಗಳ ಪಟ್ಟಿಯನ್ನು ಹಾಕಿ, ಪ್ರತಿಯೊಂದರ ಎದುರು ಅದನ್ನು ಸೈಟಿನಲ್ಲಿ ಕಣ್ಣಾರೆ ನೋಡುವವರು ಯಾರು ಎಂದು ಬರೆಯಿರಿ. ಹೊಣೆಯ ಸಹಿ ತಂತ್ರಾಂಶದ್ದಾಗಲು ಸಾಧ್ಯವಿಲ್ಲ.

ಭಾಷೆಯ ವಿಷಯದಲ್ಲಿ ಪರಿಹಾರ ಸುಲಭ, ಮನಸ್ಸು ಮಾಡಬೇಕಷ್ಟೆ. ಮಾದರಿಯ ವಸ್ತುಗಳಿಗೆ ಹೆಸರನ್ನೂ ಎಚ್ಚರಿಕೆಯನ್ನೂ ಕನ್ನಡದಲ್ಲಿ ತುಂಬಲು ಯಾವ ಅಡ್ಡಿಯೂ ಇಲ್ಲ. ಐಎಫ್‌ಸಿ ಕಡತ ಕನ್ನಡ ಲಿಪಿಯನ್ನು ಒಪ್ಪಿಕೊಳ್ಳುತ್ತದೆ. ಕರ್ನಾಟಕದ ಸೈಟುಗಳಲ್ಲಿ ಬಿಹಾರ, ಒಡಿಶಾ, ಬಂಗಾಳದಿಂದ ಬಂದವರೂ ಬಹಳ ಜನ ಇರುವುದರಿಂದ ಹಿಂದಿ, ಒಡಿಯಾ, ಬಂಗಾಳಿಗೂ ಒಂದೊಂದು ಖಾನೆ ಇಡಿ. ಬೆಳಗ್ಗೆ ಕೆಲಸ ಹಂಚುವ ಮೊದಲು ಅಂದಿನ ಮಹಡಿಯ ಚಿತ್ರವನ್ನು, ಬಯಲಾಗಿರುವ ಅಂಚುಗಳಿಗೆ ಕೆಂಪು ಬಣ್ಣ ಹಚ್ಚಿ, ದೊಡ್ಡ ಹಾಳೆಯಲ್ಲಿ ಮುದ್ರಿಸಿ ಗೋಡೆಗೆ ಅಂಟಿಸಿದರೆ ಓದು ಬಾರದವರಿಗೂ ತಿಳಿಯುತ್ತದೆ. ಆಗ ಮೇಸ್ತ್ರಿಗಳನ್ನು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಚಿತ್ರದಲ್ಲಿ ಕೆಂಪು ಹಚ್ಚದೇ ಇರುವ, ಆದರೆ ನಿಮಗೆ ಭಯವಾಗುವ ಜಾಗ ಯಾವುದು? ಅವರು ಬೆರಳಿಟ್ಟು ತೋರಿಸಿದ ಜಾಗದ ಫೋಟೊ ತೆಗೆದು, ಬಿಸಿಎಫ್ ಎಂಬ ಮುಕ್ತ ಟಿಪ್ಪಣಿ ರೂಪದಲ್ಲಿ ಮಾದರಿಯ ಅದೇ ಬಿಂದುವಿಗೆ ಲಗತ್ತಿಸಿ, ದಿನಾಂಕದೊಂದಿಗೆ ವಿನ್ಯಾಸ ಕಚೇರಿಗೆ ಅಂದೇ ಕಳುಹಿಸಿ. ಉತ್ತರ ಬರುವವರೆಗೆ ಆ ಜಾಗದಲ್ಲಿ ಕೆಲಸ ಹಂಚಬೇಡಿ.